ಸರ್ಪಸುತ್ತಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಹಳ್ಳಿಯ ಗ್ರಂಥಾಲಯದಲ್ಲಿ, ಮೇಲ್ವಿಚಾರಕಿ. ಎರಡು ಕಂಪ್ಯೂಟರ್, ನಾಲ್ಕು ಟ್ಯಾಬ್ ಇವೆ. ಮೊದಲೆಲ್ಲ ಪರೀಕ್ಷೆಗೆ ಓದುವ ಹುಡುಗರು ಮಾತ್ರ ಬರುತ್ತಿದ್ದರು. ಈಗ ದೊಡ್ಡವರೂ ಬಂದು "ಈ ಕಾಯಿಲೆ ಬಗ್ಗೆ ಸ್ವಲ್ಪ ನೆಟ್ಟಲ್ಲಿ ನೋಡಿ ಹೇಳಮ್ಮ" ಅನ್ನುತ್ತಾರೆ. ಕಳೆದ ತಿಂಗಳು ಒಬ್ಬರು ತಮ್ಮ ತಂದೆಗೆ ಸರ್ಪಸುತ್ತು ಆಗಿದೆ ಎಂದು ಬಂದರು. ವೀಡಿಯೊ ಹುಡುಕಿದರೆ ಒಬ್ಬರು ಕೆಮ್ಮಣ್ಣು ಹಚ್ಚಿ ಅಂದರು, ಇನ್ನೊಬ್ಬರು ಹಚ್ಚಲೇಬಾರದು ಅಂದರು. ನಾನು ಓದಿದ್ದು ಬಿ.ಎ. ಯಾವ ವೆಬ್‌ಸೈಟ್ ನಂಬಬಹುದು, ಒಂದು ಪಟ್ಟಿ ಕೊಡಿ ಸರ್. ಹಾಗೇ ಇನ್ನೊಂದು ಮಾತು: ನಾನು ತೋರಿಸಿದ್ದನ್ನು ಓದಿ ಏನಾದರೂ ಹೆಚ್ಚುಕಮ್ಮಿ ಆದರೆ ನನ್ನ ತಲೆಗೆ ಬರುತ್ತದಾ?

ಉತ್ತರ: ಪಟ್ಟಿ ಕೊಡುತ್ತೇನೆ, ಸ್ವಲ್ಪ ತಡೆಯಿರಿ. ವೈದ್ಯಕೀಯ ಕಾಲೇಜಿನ ಲೈಬ್ರರಿಯಲ್ಲಿ ಮೂವತ್ತು ವರ್ಷ ಕೂತವನ ಅನುಭವ ಹೇಳುವುದಾದರೆ, ಆರೋಗ್ಯದ ಹುಡುಕಾಟ ಹಾದಿ ತಪ್ಪುವುದು ಹೆಚ್ಚಾಗಿ ಯಾವುದೋ ಕೆಟ್ಟ ವೆಬ್‌ಸೈಟ್ ತೆರೆದಾಗಲ್ಲ. ಅದಕ್ಕೂ ಮೊದಲೇ, ಪೆಟ್ಟಿಗೆಯಲ್ಲಿ ಯಾವ ಪದ ಟೈಪ್ ಮಾಡಿದೆವು ಅನ್ನುವಲ್ಲೇ ಅರ್ಧ ಕೆಲಸ ಕೆಟ್ಟಿರುತ್ತದೆ. ನಿಮ್ಮ ಸರ್ಪಸುತ್ತನ್ನೇ ತೆಗೆದುಕೊಳ್ಳೋಣ.

"ಸರ್ಪಸುತ್ತು" ಎಂದು ಕನ್ನಡದಲ್ಲಿ ಹಾಕಿದರೆ ಮದ್ದು, ಮಂತ್ರ, ಸರ್ಪದೋಷ, ಪೂಜೆ ಎಲ್ಲ ಒಟ್ಟಿಗೇ ಬರುತ್ತವೆ. ಯಾಕೆಂದರೆ ಆ ಪದವನ್ನು ಬಳಸಿ ಬರೆಯುವವರು ಹೆಚ್ಚಾಗಿ ಅವರೇ. ಸರಿ, ಇಂಗ್ಲಿಷಿನಲ್ಲಿ ನೋಡೋಣ ಎಂದು ಡಾಕ್ಟರ ಚೀಟಿಯಲ್ಲಿರುವ ಮೊದಲ ಪದ "ಹರ್ಪಿಸ್" ಮಾತ್ರ ಹಾಕಿದರೆ ಇನ್ನೊಂದು ಅನಾಹುತ. ಬರುವುದು ಲೈಂಗಿಕ ಸಂಪರ್ಕದಿಂದ ಹರಡುವ, ಬೇರೆಯದೇ ಆದ ಕಾಯಿಲೆಯ ಪುಟಗಳು. ಎಪ್ಪತ್ತು ದಾಟಿದ ತಂದೆಯ ಬಗ್ಗೆ ಮಗ ಅದನ್ನು ಓದಿ ಮನೆಗೆ ಹೋದರೆ ಅಲ್ಲಿ ಏನಾಗಬಹುದು ಯೋಚಿಸಿ. ನಮ್ಮ ಲೈಬ್ರರಿಗೂ ಹಾಗೆ ಮುಖ ಸಪ್ಪಗೆ ಮಾಡಿಕೊಂಡು ಬಂದ ಒಬ್ಬರಿದ್ದರು. ಚೀಟಿ ತೋರಿಸಿ ಅಂದೆ. "ಹರ್ಪಿಸ್ ಜೋಸ್ಟರ್" ಎಂದಿತ್ತು. ಎರಡನೆಯ ಪದವನ್ನು ಅವರು ಓದಿಯೇ ಇರಲಿಲ್ಲ.

ಹರ್ಪಿಸ್ ಜೋಸ್ಟರ್, ಜನಬಳಕೆಯ ಇಂಗ್ಲಿಷಿನಲ್ಲಿ ಶಿಂಗಲ್ಸ್. ಬರೀ "ಶಿಂಗಲ್ಸ್" ಎಂದು ಹಾಕಿದರೆ ಮನೆಯ ಮಾಡಿಗೆ ಹೊದಿಸುವ ಹೆಂಚಿನಂಥ ಬಿಲ್ಲೆಗಳ ಚಿತ್ರವೂ ಬರುತ್ತದೆ, ಗಾಬರಿ ಬೇಡ, "ರ‍್ಯಾಶ್" ಎಂದೊಂದು ಪದ ಜೊತೆಗೆ ಸೇರಿಸಿ. ಸರಿಯಾದ ಈ ಹೆಸರು ಸಿಕ್ಕಿದ ಮೇಲೆ ಒಳ್ಳೆಯ ಪುಟಗಳೆಲ್ಲ ಹೇಳುವುದು ಒಂದೇ ಮಾತು. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್‌ನ ವೈರಸ್ ನರಗಳಲ್ಲಿ ಮಲಗಿದ್ದು, ವಯಸ್ಸಾದಾಗಲೋ ಶಕ್ತಿ ಕುಂದಿದಾಗಲೋ ಎದ್ದು ಬರುತ್ತದೆ. ನರ ಹೋದ ದಾರಿಯಲ್ಲೇ ಗುಳ್ಳೆ ಏಳುವುದರಿಂದ ಮೈಯ ಒಂದೇ ಪಕ್ಕಕ್ಕೆ ಪಟ್ಟಿಯಂತೆ ಕಾಣುತ್ತದೆ. ಸುತ್ತು ಪೂರ್ತಿಯಾದರೆ ಜೀವ ಹೋಗುತ್ತದೆ ಅನ್ನುವ ಹೆದರಿಕೆಗೆ ಆಧಾರವಿಲ್ಲ. ಗುಳ್ಳೆ ಎದ್ದ ಮೂರು ದಿನದೊಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾದರೆ ಹೆಚ್ಚು ಉಪಯೋಗ. ಹಣೆ, ಕಣ್ಣು, ಮೂಗಿನ ತುದಿಯ ಕಡೆ ಬಂದಿದ್ದರೆ ದೃಷ್ಟಿಗೇ ಅಪಾಯ, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಗುಳ್ಳೆ ಒಣಗುವ ತನಕ ಮನೆಯ ಬಸುರಿಯರು ಮತ್ತು ಎಳೆಮಕ್ಕಳು ದೂರವಿದ್ದರೆ ಒಳ್ಳೆಯದು. ಕೆಮ್ಮಣ್ಣಿನ ಜಗಳದಲ್ಲಿ ಮುಖ್ಯವಾದದ್ದು ಆ ಮೂರು ದಿನ. ಮಣ್ಣು ಹಚ್ಚಿ, ಒಣಗಿ, ಉದುರಿ, "ಇನ್ನೊಮ್ಮೆ ಹಚ್ಚೋಣ" ಅನ್ನುವಷ್ಟರಲ್ಲಿ ಆ ಮೂರು ದಿನ ಕಳೆದುಹೋಗುತ್ತವೆ.

ಇಷ್ಟೂ ಮಾಹಿತಿ ಮೊದಲಿಂದಲೂ ಉಚಿತವಾಗಿ ಅಲ್ಲೇ ಇತ್ತು. ನಿಮ್ಮ ಓದುಗರಿಗೂ ಅದಕ್ಕೂ ನಡುವೆ ಇದ್ದ ಗೋಡೆ ಒಂದು ಪದ ಮಾತ್ರ. ಡಾಕ್ಟರಿಗೆ ಒಂದು ಭಾಷೆ ಗೊತ್ತು, ಊರಿನವರಿಗೆ ಇನ್ನೊಂದು. ಎರಡರ ನಡುವೆ ಕೂತಿರುವವರು ನೀವು. ಬಿ.ಎ. ಓದಿದ್ದೇನೆ ಎಂದು ಸಂಕೋಚ ಪಡುತ್ತಿದ್ದೀರಿ, ಆದರೆ ಈ ಕೆಲಸಕ್ಕೆ ಎಂಬಿಬಿಎಸ್‌ಗಿಂತ ಬಿ.ಎ.ನೇ ವಾಸಿ ಅಂತ ನನ್ನ ಅಭಿಪ್ರಾಯ.

ಪದಗಳ ಇಂಥ ಗೊಂದಲ ನಿಮ್ಮ ಮಲೆನಾಡಿನಲ್ಲಿ ಇನ್ನೂ ಜಾಸ್ತಿ. ಮಂಗನ ಬಾವು ಎಂದರೆ ಮಂಪ್ಸ್, ಕೆನ್ನೆಯ ಕೆಳಗಿನ ಗ್ರಂಥಿ ಊದಿಕೊಳ್ಳುವುದು. ಮಂಗನ ಕಾಯಿಲೆ ಎಂದರೆ ಕೆಎಫ್‌ಡಿ, ಉಣುಗು ಕಚ್ಚಿ ಬರುವ ಜ್ವರ. ಮಂಕಿಪಾಕ್ಸ್ ಮೂರನೆಯದು, ಅದರ ಹೆಸರನ್ನು ಈಗ ಎಂಪಾಕ್ಸ್ ಎಂದು ಬದಲಿಸಿದ್ದಾರೆ. ಮಂಗ ಇರುವುದನ್ನು ಬಿಟ್ಟರೆ ಈ ಮೂರಕ್ಕೂ ಸಂಬಂಧವೇ ಇಲ್ಲ. ಮಷಿನ್ ಅನುವಾದದ ಪುಟಗಳಲ್ಲಿ ಇವು ಒಂದರೊಳಗೊಂದು ಕಲಸಿಹೋಗಬಹುದು. "ಅಮ್ಮ ಆಗಿದೆ" ಅಂದರೆ ಚಿಕನ್‌ಪಾಕ್ಸೋ ದಡಾರವೋ ಕೇಳಿಯೇ ತಿಳಿಯಬೇಕು. "ಸಿಡುಬು" ಎಂದು ಹುಡುಕಿದರೆ ಭೂಮಿಯಿಂದಲೇ ತೊಲಗಿತು ಎಂದು 1980ರಲ್ಲಿ ಘೋಷಿಸಿದ ಸ್ಮಾಲ್‌ಪಾಕ್ಸ್ ಬಗ್ಗೆ ಓದುತ್ತಾ ಕೂರಬೇಕಾಗುತ್ತದೆ. "ಕಾಮಾಲೆ" ಒಂದು ಕಾಯಿಲೆಯೇ ಅಲ್ಲ, ಲಕ್ಷಣ. ನೀರಿನಿಂದ ಬರುವ ಹೆಪಟೈಟಿಸ್, ರಕ್ತದಿಂದ ಬರುವ ಹೆಪಟೈಟಿಸ್, ಪಿತ್ತಕೋಶದ ಕಲ್ಲು, ಇಲಿಜ್ವರ, ಎಲ್ಲದರಲ್ಲೂ ಕಣ್ಣು ಹಳದಿಯಾಗಬಹುದು. ಹಾಗಾಗಿ "ಕಾಮಾಲೆಗೆ ಮದ್ದು" ಎಂಬ ಹುಡುಕಾಟಕ್ಕೆ ಸರಿಯುತ್ತರ ಇರಲು ಸಾಧ್ಯವೇ ಇಲ್ಲ. "ಮೂಲವ್ಯಾಧಿ"ಯೂ ಅಷ್ಟೇ. ರಕ್ತ ಹೋಗುವುದೆಲ್ಲ ಮೂಲವ್ಯಾಧಿ ಅಂದುಕೊಂಡು ಬಸ್‌ಸ್ಟ್ಯಾಂಡಿನ ಗೋಡೆಯ ಜಾಹೀರಾತು ನಂಬಿ ವರ್ಷಗಟ್ಟಲೆ ಕಳೆದವರಲ್ಲಿ ಕೆಲವರಿಗೆ ಇದ್ದದ್ದು ಕರುಳಿನ ಕ್ಯಾನ್ಸರ್.

ಹಾಗಾದರೆ ಸರಿಯಾದ ಹೆಸರು ಎಲ್ಲಿಂದ ತರುವುದು? ಊಹಿಸಬೇಡಿ, ಕಾಗದ ಕೇಳಿ. ಡಾಕ್ಟರ ಚೀಟಿ, ಲ್ಯಾಬ್ ರಿಪೋರ್ಟು, ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ಮಾತ್ರೆಯ ಹಾಳೆ, ಇವುಗಳಲ್ಲಿ ಯಾವುದಾದರೊಂದು ಮನೆಯಲ್ಲಿ ಇದ್ದೇ ಇರುತ್ತದೆ. ಮಾತ್ರೆಯ ಹಾಳೆಯಲ್ಲಿ ದಪ್ಪಕ್ಷರದ ಕಂಪನಿ ಹೆಸರು ಬಿಟ್ಟು, ಅದರ ಹತ್ತಿರ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಟೈಪ್ ಮಾಡಿ. ಕಂಪನಿ ಹೆಸರುಗಳು ಒಂದಕ್ಕೊಂದು ಹೋಲುತ್ತವೆ, ಒಂದಕ್ಷರ ತಪ್ಪಿದರೆ ಬೇರೆಯದೇ ಮದ್ದು. ಚೀಟಿಯೇ ಇಲ್ಲ, ಡಾಕ್ಟರನ್ನೇ ನೋಡಿಲ್ಲ ಅಂದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಕಾಯಿಲೆಯ ಹೆಸರು ಇಡುವುದು ಲೈಬ್ರರಿಯಲ್ಲಿ ನಡೆಯುವ ಕೆಲಸವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ಎಷ್ಟು ಗಂಟೆಗೆ ತೆರೆಯುತ್ತದೆ, ಇ-ಸಂಜೀವಿನಿಯಲ್ಲಿ ಮನೆಯಿಂದಲೇ ಸರ್ಕಾರಿ ಡಾಕ್ಟರ ಜೊತೆ ಉಚಿತವಾಗಿ ಮಾತಾಡುವುದು ಹೇಗೆ, ಇದನ್ನು ಹುಡುಕಿ ಕೊಡಿ. ಅದೂ ಆರೋಗ್ಯ ಮಾಹಿತಿಯೇ.

ಕೇಳುವ ರೀತಿಯ ಬಗ್ಗೆಯೂ ಒಂದು ಮಾತು. "ಏನಾಗಿದೆ ನಿಮಗೆ?" ಎಂದು ಕೌಂಟರಿನಿಂದ ಕೂಗಿದರೆ ಸತ್ಯ ಬರುವುದಿಲ್ಲ, ಪಕ್ಕದಲ್ಲಿ ಪೇಪರ್ ಓದುತ್ತಿರುವವರು ಕಿವಿ ನಿಮಿರಿಸುತ್ತಾರೆ ಅಷ್ಟೇ. "ಯಾವುದರ ಬಗ್ಗೆ ಓದಬೇಕು ಅಂತಿದ್ದೀರಿ?" ಎಂದು ಹತ್ತಿರ ಹೋಗಿ ಕೇಳಿ. ನಮ್ಮವರು ನೇರ ಹೇಳುವುದಿಲ್ಲ. "ನಮ್ಮ ಕಡೆಯವರೊಬ್ಬರಿಗೆ" ಎಂದೇ ಶುರುಮಾಡುತ್ತಾರೆ. ಅದನ್ನು ಬಿಡಿಸಲು ಹೋಗದೆ, ಆ "ಒಬ್ಬರ" ವಯಸ್ಸೆಷ್ಟು, ಗಂಡಸೋ ಹೆಂಗಸೋ, ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ ಎಂದು ಕೇಳಿದರೆ ಸಾಕು. ಇನ್ನೊಂದು ಪ್ರಶ್ನೆ ಕ್ಯಾನ್ಸರಿನಂಥ ದೊಡ್ಡ ಕಾಯಿಲೆಗೆ ಮಾತ್ರ: "ಎಷ್ಟು ತಿಳಿದುಕೊಳ್ಳಬೇಕು ಅಂತಿದ್ದೀರಿ?" ಚಿಕಿತ್ಸೆ ಹೇಗಿರುತ್ತದೆ ಎಂದು ತಿಳಿಯಲು ಬಂದವರ ಕಣ್ಣಿಗೆ ಎಷ್ಟು ಜನ ಎಷ್ಟು ವರ್ಷ ಬದುಕುತ್ತಾರೆ ಎಂಬ ಅಂಕಿ ಬಿದ್ದುಬಿಟ್ಟರೆ ಮತ್ತೆ ಅದನ್ನು ಅಳಿಸಲು ಆಗುವುದಿಲ್ಲ. ಆ ಅಂಕಿ ಬೇರೆ ದೇಶದ್ದು, ಹತ್ತು ವರ್ಷ ಹಳೆಯದು, ಇವರ ಹಂತಕ್ಕೆ ಸಂಬಂಧಿಸಿದ್ದಲ್ಲ ಎಂದು ಎಷ್ಟು ಹೇಳಿದರೂ ಅಷ್ಟೇ.

ಇನ್ನು ಹುಡುಕಾಟದ ವಾಕ್ಯ. "ಮೆಂತ್ಯದಿಂದ ಸಕ್ಕರೆ ಕಾಯಿಲೆ ವಾಸಿ" ಎಂದು ಟೈಪ್ ಮಾಡಿದರೆ, ವಾಸಿಯಾಗುತ್ತದೆ ಎಂದು ಬರೆದವರೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ. ನೀವು ಕೇಳಿದ್ದನ್ನೇ ಅದು ಹುಡುಕಿ ಕೊಟ್ಟಿದೆ. "ಡಯಾಬಿಟಿಸ್ ಚಿಕಿತ್ಸೆ" ಎಂದು ಹಾಕಿ, ಆಮೇಲೆ ಆ ಪುಟದೊಳಗೆ ಮೆಂತ್ಯದ ಮಾತು ಇದೆಯಾ ನೋಡಿ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಹುಡುಕಬಾರದು. ಮೇಲೆ "ಪ್ರಾಯೋಜಿತ" ಎಂದು ಚಿಕ್ಕದಾಗಿ ಬರೆದಿದ್ದರೆ ಅದು ದುಡ್ಡು ಕೊಟ್ಟು ಹತ್ತಿದ ಜಾಗ, ದಾಟಿ ಕೆಳಗೆ ಹೋಗಿ.

ಈಗ ನೀವು ಕೇಳಿದ ಪಟ್ಟಿ. ಉದ್ದ ಇಲ್ಲ.

ನಾನು ಮೊದಲು ತೆರೆಯುವುದು ಮೆಡ್‌ಲೈನ್‌ಪ್ಲಸ್. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1998ರಿಂದ ಜನಸಾಮಾನ್ಯರಿಗಾಗಿಯೇ ನಡೆಸುತ್ತಿರುವ ತಾಣ. ಜಾಹೀರಾತಿಲ್ಲ, ಏನನ್ನೂ ಮಾರುವುದಿಲ್ಲ, ಪುಟದ ಕೆಳಗೆ ಯಾವಾಗ ಪರಿಶೀಲಿಸಿದ್ದು ಎಂದು ತಾರೀಕು ಇರುತ್ತದೆ. ನಮ್ಮಂಥ ಲೈಬ್ರರಿಯವರೇ ನಡೆಸುತ್ತಿರುವುದು ಎಂಬ ಅಭಿಮಾನವೂ ನನಗಿದೆ ಅನ್ನಿ. ಇಂಗ್ಲಿಷ್ ಸರಳ, ಹೈಸ್ಕೂಲ್ ಹುಡುಗರೂ ಓದಬಹುದು. ಎರಡನೆಯದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ತಾಣ. ಯಾವಾಗ ಡಾಕ್ಟರ ಹತ್ತಿರ ಹೋಗಬೇಕು, ಯಾವಾಗ ಓಡಬೇಕು ಅನ್ನುವುದನ್ನು ಅದರಷ್ಟು ನೇರವಾಗಿ ಹೇಳುವವರು ಕಡಿಮೆ. ನಮ್ಮ ದೇಶದ ಆಹಾರದ ವಿಷಯಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಇದೆ, ಅದರಲ್ಲಿ ರಾಗಿ, ಅಕ್ಕಿ, ಬೇಳೆಯ ಲೆಕ್ಕ ಸಿಗುತ್ತದೆ. ಓಟ್ಸ್, ಬ್ಲೂಬೆರಿ ತಿನ್ನಿ ಎಂಬ ಉಪದೇಶದಿಂದ ನಿಮ್ಮ ಓದುಗರಿಗೆ ಏನು ಪ್ರಯೋಜನ? ಮನಸ್ಸಿನ ಕಾಯಿಲೆಗೆ ನಿಮ್ಹಾನ್ಸ್. ಲಸಿಕೆ, ಸಾಂಕ್ರಾಮಿಕ ರೋಗಗಳಿಗೆ ವಿಶ್ವ ಆರೋಗ್ಯ ಸಂಸ್ಥೆ, ಕೇಂದ್ರ ಮತ್ತು ರಾಜ್ಯ ಆರೋಗ್ಯ ಇಲಾಖೆಗಳು. ಕನ್ನಡದಲ್ಲೇ ಬೇಕು ಅಂದರೆ ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ನಡೆಸುವ ವಿಕಾಸ್‌ಪೀಡಿಯಾ ಇದೆ. ಸರ್ಕಾರದ್ದು ನಿಜ, ಆದರೆ ಬೇರೆ ಬೇರೆಯವರು ಬರೆದು ಸೇರಿಸಿದ್ದು, ಹಾಗಾಗಿ ತಾರೀಕು ನೋಡಿಯೇ ಕೊಡಿ.

ವಿದೇಶಿ ಪುಟ ಓದಿ ಹೇಳುವಾಗ ಎಡವುವ ಜಾಗಗಳು ಕೆಲವಿವೆ, ಅವು ಗೊತ್ತಿರಬೇಕು. ಸಕ್ಕರೆ ಅಂಶವನ್ನು ನಾವೂ ಅಮೆರಿಕದವರೂ ಒಂದೇ ಅಳತೆಯಲ್ಲಿ ಬರೆಯುತ್ತೇವೆ, ಬ್ರಿಟನ್ನಿನವರದು ಬೇರೆ. ಅವರ ಪುಟದಲ್ಲಿ 7 ಅಂತಿದ್ದರೆ ಅದು ನಮ್ಮ 126. ಹದಿನೆಂಟರಿಂದ ಗುಣಿಸಬೇಕು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ನಮ್ಮಲ್ಲಿ ಶೇಕಡಾ 6.5 ಎಂದರೆ ಅಲ್ಲಿ 48. ಒಬ್ಬ ನಿವೃತ್ತ ಮೇಷ್ಟ್ರು ತಮ್ಮ 104 ಅನ್ನು ಬ್ರಿಟಿಷ್ ಪುಟದ ಪಕ್ಕ ಇಟ್ಟು ನೋಡಿ, ಇನ್ನು ನನ್ನ ಕಥೆ ಮುಗಿಯಿತು ಎಂದು ಬೆವರುತ್ತಾ ಬಂದಿದ್ದರು. ನಮ್ಮ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್, ಉಬ್ಬಸದ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. 911ಕ್ಕೆ ಫೋನ್ ಮಾಡಿ ಎಂದಿದ್ದಲ್ಲಿ 108 ಎಂದು ಓದಿಕೊಳ್ಳಬೇಕು.

ತಾರೀಕು ಯಾಕೆ ಮುಖ್ಯ ಅನ್ನುವುದಕ್ಕೆ ನಿಮ್ಮ ಜಿಲ್ಲೆಯ ಉದಾಹರಣೆಯೇ ಸಾಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾಗಿದ್ದರಿಂದ ಮಂಗನ ಕಾಯಿಲೆಗೆ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ, ಎಂಬ ಹೆಸರು. ಅದಕ್ಕೆ ಬಹಳ ವರ್ಷ ಲಸಿಕೆ ಹಾಕುತ್ತಿದ್ದರು. ಅದರಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು 2022ರ ಸುಮಾರಿಗೆ ನಿಲ್ಲಿಸಿದರು. ಆದರೆ ನೆಟ್‌ನಲ್ಲಿ ಹಳೆಯ ಪುಟಗಳು ಹಾಗೇ ಕೂತಿವೆ, "ಕಾಡಿಗೆ ಹೋಗುವ ಮುಂಚೆ ಲಸಿಕೆ ಹಾಕಿಸಿಕೊಳ್ಳಿ" ಎನ್ನುತ್ತಾ. ಬರೆದವರು ತಜ್ಞರೇ, ತಾಣವೂ ಒಳ್ಳೆಯದೇ, ಬರೆದಾಗ ನಿಜವೂ ಆಗಿತ್ತು. ಇವತ್ತು ಅದನ್ನು ನಂಬಿ ಕೂತರೆ ಆಗುವುದಿಲ್ಲ. ಮೈತುಂಬ ಬಟ್ಟೆ ಹಾಕಿಕೊಳ್ಳುವುದು, ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಳ್ಳುವುದು, ಕಾಡಿನಿಂದ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಸತ್ತ ಮಂಗ ಕಂಡರೆ ಇಲಾಖೆಗೆ ತಿಳಿಸುವುದು, ಈಗಿರುವ ದಾರಿ ಇವು.

ಗೊತ್ತಿಲ್ಲದ ತಾಣ ಬಂದಾಗ ಏನು ಮಾಡಬೇಕು? ಆ ಪುಟದಲ್ಲೇ ಕೂತು "ನಮ್ಮ ಬಗ್ಗೆ" ಓದುತ್ತಾ ಕಾಲ ಕಳೆಯಬೇಡಿ. ತನ್ನ ಬಗ್ಗೆ ತಾನೇ ಬರೆದುಕೊಳ್ಳುವಾಗ ಯಾರು ಕೆಟ್ಟದಾಗಿ ಬರೆಯುತ್ತಾರೆ? ಬ್ರೌಸರಿನಲ್ಲೇ ಪಕ್ಕದಲ್ಲಿ ಇನ್ನೊಂದು ಟ್ಯಾಬ್ ತೆರೆದು, ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳಿದ್ದಾರೆ ನೋಡಿ. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಯವರನ್ನಷ್ಟೇ ಕೇಳಿ ಸುಮ್ಮನಾಗುತ್ತೇವಾ, ಆ ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸುವುದಿಲ್ಲವಾ, ಹಾಗೆ. ಹಳೆಯ ತರಬೇತಿ ಕೈಪಿಡಿಗಳಲ್ಲಿ "ಹಾನ್ ಕೋಡ್ ಮುದ್ರೆ ಇದೆಯಾ ನೋಡಿ" ಎಂದಿರುತ್ತದೆ. ಜಿನೀವಾದ ಸಂಸ್ಥೆಯೊಂದು ನಂಬಬಹುದಾದ ಆರೋಗ್ಯ ತಾಣಗಳಿಗೆ ತೊಂಬತ್ತರ ದಶಕದಿಂದ ಕೊಡುತ್ತಿದ್ದ ಆ ಮುದ್ರೆ 2022ರ ಕೊನೆಗೆ ನಿಂತಿತು. ಈಗಲೂ ಯಾವುದಾದರೂ ತಾಣ ಅದನ್ನು ಅಂಟಿಸಿಕೊಂಡಿದ್ದರೆ, ಎಷ್ಟು ವರ್ಷದಿಂದ ಗುಡಿಸಿಲ್ಲ ಅನ್ನುವುದಕ್ಕೆ ಸಾಕ್ಷಿ ಅಷ್ಟೇ. ಹಾಗೆಯೇ "ಡಾಟ್ ಆರ್ಗ್" ಎಂದು ಮುಗಿದರೆ ಸೇವಾಸಂಸ್ಥೆ ಅನ್ನುವ ನಂಬಿಕೆ. ಆ ಹೆಸರನ್ನು ದುಡ್ಡು ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದು. "ಡಾಟ್ ಗವ್ ಡಾಟ್ ಇನ್" ಮಾತ್ರ ಸರ್ಕಾರದ ಹೊರಗಿನವರಿಗೆ ಸಿಗುವುದಿಲ್ಲ.

ವಾಟ್ಸಾಪ್ ಸಂದೇಶದ ಕೊನೆಗೆ "ಪಬ್‌ಮೆಡ್‌ನಲ್ಲಿ ಪ್ರಕಟವಾಗಿದೆ" ಎಂದು ಲಿಂಕ್ ಹಾಕುವುದು ಈಚಿನ ಫ್ಯಾಷನ್. ಪಬ್‌ಮೆಡ್ ವೈದ್ಯಕೀಯ ಸಂಶೋಧನಾ ಲೇಖನಗಳ ಒಂದು ಸೂಚಿ, ನಮ್ಮ ಕ್ಯಾಟಲಾಗ್ ಇದ್ದ ಹಾಗೆ. ಕ್ಯಾಟಲಾಗಿನಲ್ಲಿ ಕಾರ್ಡ್ ಇದ್ದ ಮಾತ್ರಕ್ಕೆ ಪುಸ್ತಕ ಒಳ್ಳೆಯದು ಎಂದಲ್ಲ ಅನ್ನುವುದನ್ನು ನಿಮಗೆ ನಾನು ಹೇಳಬೇಕಿಲ್ಲ. ಲಿಂಕ್ ತೆರೆದು ಮೊದಲ ಪ್ಯಾರಾದಲ್ಲಿ ಒಂದೇ ಒಂದು ವಿಷಯ ನೋಡಿ: ಪ್ರಯೋಗ ಮಾಡಿದ್ದು ಮನುಷ್ಯರ ಮೇಲೋ, ಇಲಿಗಳ ಮೇಲೋ, ಗಾಜಿನ ತಟ್ಟೆಯಲ್ಲಿನ ಜೀವಕೋಶಗಳ ಮೇಲೋ. ಅರ್ಧಕ್ಕರ್ಧ ಜಗಳ ಅಲ್ಲೇ ಬಗೆಹರಿಯುತ್ತದೆ.

"ಸಕ್ಕರೆ ಕಾಯಿಲೆ ಬುಡಸಮೇತ ವಾಸಿ, 40 ದಿನದಲ್ಲಿ ಗ್ಯಾರಂಟಿ" ಎಂಬ ಜಾಹೀರಾತು ಹಿಡಿದು ಬಂದವರಿಗೆ ವಿಜ್ಞಾನ ಹೇಳಿ ಪ್ರಯೋಜನವಾಗದು, ವಾದಕ್ಕೆ ನಿಲ್ಲುತ್ತಾರೆ. ಕಾನೂನು ತೋರಿಸಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ 54 ತೊಂದರೆಗಳ ಹೆಸರಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ, ಬೊಜ್ಜು, ಕೊನೆಗೆ ಎತ್ತರ ಹೆಚ್ಚಿಸುವುದೂ ಅದರಲ್ಲಿದೆ. ಇವನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ ತಪ್ಪು. "ನಿಜವಾಗಿ ವಾಸಿ ಮಾಡುವವನು ಜೈಲಿಗೆ ಹೋಗುವ ಹಾಗೆ ಜಾಹೀರಾತು ಯಾಕೆ ಕೊಡುತ್ತಾನೆ ಯಜಮಾನರೇ?" ಎಂದು ಕೇಳಿದರೆ ಯೋಚನೆಗೆ ಬೀಳುತ್ತಾರೆ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಲ್ಲ ಅಂದರೆ, ಉಪ್ಪಿನಕಾಯಿ ಬಾಟಲಿಯ ಮೇಲೂ ಅದೇ ಇರುತ್ತದೆ ಅನ್ನಿ. ಅದು ಆಹಾರದ ಪರವಾನಗಿ, ಮದ್ದಿನದ್ದಲ್ಲ. ವೀಡಿಯೊದ "ಡಾಕ್ಟರು" ನಿಜವಾಗಿ ಎಂಬಿಬಿಎಸ್ ಡಾಕ್ಟರೋ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೋಂದಣಿ ಪಟ್ಟಿಯಲ್ಲಿ ಹುಡುಕಬಹುದು. ಅಲ್ಲೂ ನಮ್ಮ ಇನಿಶಿಯಲ್‌ಗಳ ತೊಡಕಿದೆ. ಹೆಸರಿನ ಮುಂದಿನ ಅಕ್ಷರ ಅಲ್ಲಿ ಹಿಂದೆ ಹೋಗಿರಬಹುದು, ಬಿಡಿಸಿ ಬರೆದಿರಬಹುದು. ಹಾಗಾಗಿ ಒಂದು ಸಲಕ್ಕೆ ಸಿಗಲಿಲ್ಲ ಎಂದು ಯಾರನ್ನೂ ನಕಲಿ ಎಂದು ಕರೆಯಬೇಡಿ.

ಚಾಟ್‌ಜಿಪಿಟಿಯಂಥವುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹುಡುಗರು ನಿಮಗಿಂತ ಮೊದಲೇ ಅದನ್ನು ತೆರೆದಿರುತ್ತಾರೆ. ಊರಿನ ಪದಕ್ಕೆ ವೈದ್ಯಕೀಯ ಪದ ಯಾವುದಿರಬಹುದು ಎಂದು ಕೇಳಲು ನಾನೂ ಬಳಸುತ್ತೇನೆ. ಬಂದ ಪದವನ್ನು ಮೆಡ್‌ಲೈನ್‌ಪ್ಲಸ್‌ನಲ್ಲಿ ಹಾಕಿ ತಾಳೆ ನೋಡುತ್ತೇನೆ. ಮಾತ್ರೆಯ ಪ್ರಮಾಣ, ಎರಡು ಮದ್ದು ಒಟ್ಟಿಗೆ ತೆಗೆದುಕೊಳ್ಳಬಹುದೇ ಎಂಬುದಕ್ಕೆ ಅದನ್ನು ನೆಚ್ಚಬೇಡಿ. ಇಲ್ಲದ ಸಂಶೋಧನಾ ಲೇಖನಕ್ಕೆ ಲೇಖಕರು, ವರ್ಷ, ಪುಟಸಂಖ್ಯೆ ಎಲ್ಲ ಹೊಂದಿಸಿ ಕೊಟ್ಟಿದ್ದನ್ನು ನಮ್ಮ ವಿದ್ಯಾರ್ಥಿಗಳು ಹಿಡಿದುಕೊಂಡು ಬಂದು, ಕಪಾಟುಗಳಲ್ಲಿ ಹುಡುಕಿಸಿ ನನ್ನ ಒಂದು ಮಧ್ಯಾಹ್ನ ಹಾಳು ಮಾಡಿದ್ದಾರೆ.

ಹುಡುಕಲೇಬಾರದ ಸಂದರ್ಭಗಳೂ ಇವೆ. ಎದೆನೋವು, ಬಾಯಿ ಸೊಟ್ಟಗಾಗಿ ಮಾತು ತೊದಲುವುದು, ಹಾವು ಕಚ್ಚಿದ್ದು, ವಿಷ ಕುಡಿದದ್ದು, ಇವಕ್ಕೆ ಕಂಪ್ಯೂಟರ್ ಆನ್ ಮಾಡುವ ಮುಂಚೆ 108. ಹಾವು ಕಚ್ಚಿದ ಜಾಗ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಚೀಪುವುದು ಬೇಡ, ಅಲುಗಾಡಿಸದೆ ಆಸ್ಪತ್ರೆಗೆ. ನಾಯಿ ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಹೊರಡಬೇಕು, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹೆದರಿಕೆ ಇನ್ನೂ ಇದ್ದರೆ ಹೇಳಿ, ಆ ಕಾಲ ಮುಗಿದು ಇಪ್ಪತ್ತು ವರ್ಷವಾಯಿತು. ಈಗ ತೋಳಿನ ಚರ್ಮದೊಳಗೆ, ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಒಂದು. ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯಕ್ಕೇ ಬೇರೆ ಮದ್ದು ಹಾಕುತ್ತಾರೆ. ಇದಿಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಬಳಿ ಅಂಟಿಸಿ.

ಸಾಯುವ ದಾರಿ ಹುಡುಕುತ್ತಿರುವವರು ಕಣ್ಣಿಗೆ ಬಿದ್ದರೆ ಪರದೆ ಮುಚ್ಚಿ ಬೈಯಬೇಡಿ. ಪಕ್ಕ ಕೂತು "ಯಾಕೋ ತುಂಬಾ ಬೇಜಾರಲ್ಲಿದ್ದೀರಿ ಅನಿಸುತ್ತೆ" ಎಂದು ಮಾತಾಡಿಸಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ. 14416 ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ಇದೆ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ಎಚ್‌ಐವಿ ವಿಷಯಕ್ಕೆ 1097.

ಇದೇ ಜಾಗದಲ್ಲಿ ಗುಟ್ಟಿನ ಮಾತೂ ಹೇಳಿಬಿಡುತ್ತೇನೆ. ನಿಮ್ಮ ಕಂಪ್ಯೂಟರಿನಲ್ಲಿ ಬೆಳಿಗ್ಗೆ ಒಬ್ಬರು ಹುಡುಕಿದ್ದು ಮಧ್ಯಾಹ್ನ ಇನ್ನೊಬ್ಬರು ಮೊದಲ ಅಕ್ಷರ ಒತ್ತಿದ ಕೂಡಲೇ ಪೂರ್ತಿ ಪದವಾಗಿ ಕಾಣಿಸಿಕೊಳ್ಳುತ್ತದೆ. ದೊಡ್ಡ ನಗರದಲ್ಲಿ ಅದು ಯಾರದ್ದೋ ಹುಡುಕಾಟ, ನಿಮ್ಮ ಊರಿನಲ್ಲಿ ಬೆಳಿಗ್ಗೆ ಬಂದವರು ಯಾರು ಎಂದು ಎಲ್ಲರಿಗೂ ಗೊತ್ತು. ಆರೋಗ್ಯದ ಹುಡುಕಾಟಕ್ಕೆ ಯಾವಾಗಲೂ, ಹುಡುಕಿದ್ದನ್ನು ಬ್ರೌಸರ್ ನೆನಪಿಟ್ಟುಕೊಳ್ಳದ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ, ಮುಗಿದ ಮೇಲೆ ಮುಚ್ಚಿ. ಪ್ರಿಂಟ್ ತೆಗೆದ ಹಾಳೆ ಪ್ರಿಂಟರಿನ ಮೇಲೆ ಉಳಿಯದಿರಲಿ. ಅವರ ಲ್ಯಾಬ್ ರಿಪೋರ್ಟಿನ ಫೋಟೊ ನಿಮ್ಮ ಫೋನಿನಲ್ಲಿ ಇರಕೂಡದು, "ಯಾರಿಗಾದರೂ ಕೇಳಿ ಹೇಳ್ತೀನಿ" ಎಂದು ಗುಂಪಿಗೆ ಹಾಕುವುದಂತೂ ಬೇಡವೇ ಬೇಡ.

ಕೊನೆಗೆ, ತಲೆಗೆ ಬರುತ್ತದಾ ಎಂಬ ನಿಮ್ಮ ಪ್ರಶ್ನೆ. ಬೇರೆ ದೇಶಗಳ ಗ್ರಂಥಪಾಲಕರ ಸಂಘಗಳು ಬಹಳ ಹಿಂದೆಯೇ ಇದಕ್ಕೊಂದು ಗೆರೆ ಎಳೆದಿವೆ: ಮಾಹಿತಿ ಕೊಡಿ, ಸಲಹೆ ಕೊಡಬೇಡಿ, ಅರ್ಥೈಸಲು ಹೋಗಬೇಡಿ. ಇಂಗ್ಲಿಷ್ ಓದುವ ಓದುಗರಿಗೆ ಪುಟ ತೋರಿಸಿ ಸುಮ್ಮನಾಗಬಹುದು. ನಿಮಗೆ ಆ ಸುಖವಿಲ್ಲ, ಓದಿ ಕನ್ನಡದಲ್ಲಿ ಹೇಳಬೇಕು, ಅಲ್ಲಿ ಅರ್ಥೈಸುವುದು ತಾನಾಗಿ ನುಸುಳುತ್ತದೆ. ನಾನು ಪಾಲಿಸುವುದು ಇಷ್ಟು. "ಇಲ್ಲಿ ಹೀಗೆ ಬರೆದಿದ್ದಾರೆ" ಎಂದೇ ಪ್ರತಿ ಸಲ ಶುರುಮಾಡುತ್ತೇನೆ. "ನಿಮಗೆ ಹೀಗಾಗಿದೆ" ಎಂದು ಬಾಯಿತಪ್ಪಿಯೂ ಹೇಳುವುದಿಲ್ಲ. "ನೀವಾಗಿದ್ದರೆ ಏನು ಮಾಡ್ತಿದ್ರಿ?" ಎಂದು ಖಂಡಿತ ಕೇಳುತ್ತಾರೆ. "ಈ ಹಾಳೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗ್ತಿದ್ದೆ" ಅನ್ನುತ್ತೇನೆ. ಬ್ರೌಸರಿನ ಅನುವಾದ ಬಳಸಿದರೆ ಅಂಕಿಗಳನ್ನೂ "ಬಾರದು", "ಬೇಡ"ಗಳನ್ನೂ ಮೂಲದ ಜೊತೆ ತಾಳೆ ನೋಡಿ. ನಮ್ಮ ಭಾಷೆಯಲ್ಲಿ ನಿಷೇಧ ವಾಕ್ಯದ ಕಟ್ಟಕಡೆಗೆ ಬರುತ್ತದೆ. ಉದ್ದ ವಾಕ್ಯವಾದರೆ ಕೇಳುವವರು "ಊಟಕ್ಕೆ ಮುಂಚೆ ತೆಗೆದುಕೊಳ್ಳ" ತನಕ ಕೇಳಿ ತಲೆಯಾಡಿಸಿಬಿಡುತ್ತಾರೆ, "ಬಾರದು" ಗಾಳಿಗೆ ಹೋಗಿರುತ್ತದೆ. ತುಂಡು ಮಾಡಿ ಹೇಳಿ. "ಊಟಕ್ಕೆ ಮುಂಚೆ ಬೇಡ. ಊಟ ಆದಮೇಲೆ." ಕೊಟ್ಟ ಪುಟದ ಹೆಸರು, ತಾರೀಕು ಹಾಳೆಯ ಮೇಲೆ ಬರೆದುಕೊಡಿ, ಓದುಗರ ಹೆಸರು ಮಾತ್ರ ಎಲ್ಲೂ ಬರೆಯಬೇಡಿ.

ಒಬ್ಬರೇ ಹೊರುವ ಕೆಲಸವೂ ಇದಲ್ಲ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದ್ದರಿಂದ ಆಶಾ ಕಾರ್ಯಕರ್ತೆಯರೂ ಆರೋಗ್ಯ ಕೇಂದ್ರದವರೂ ಸಭೆಗೆಂದು ನಿಮ್ಮ ಅಂಗಳಕ್ಕೇ ಬರುತ್ತಾರೆ. ಪದೇಪದೇ ಕೇಳುವ ಹತ್ತು ವಿಷಯಗಳ ಪ್ರಿಂಟ್ ತೆಗೆದಿಟ್ಟು, ವೈದ್ಯಾಧಿಕಾರಿಗಳಿಗೆ ಒಮ್ಮೆ ತೋರಿಸಿ ಸಹಿ ಹಾಕಿಸಿಕೊಂಡರೆ ವರ್ಷವಿಡೀ ನೆಮ್ಮದಿ.

ಅದರ ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಉದ್ದಕ್ಕೆ ಗೆರೆ ಎಳೆಯಿರಿ. ಎಡಕ್ಕೆ ಜನ ಹೇಳಿದ ಪದ, ಬಲಕ್ಕೆ ಚೀಟಿಯಲ್ಲಿದ್ದ ಪದ. ಮೊದಲ ಸಾಲು ಸರ್ಪಸುತ್ತು, ಹರ್ಪಿಸ್ ಜೋಸ್ಟರ್. ಎರಡನೆಯದು ಮಂಗನ ಬಾವು, ಮಂಪ್ಸ್. ಐವತ್ತು ಸಾಲು ತುಂಬಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ನಮ್ಮ ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಮಾಡುತ್ತಿರುವ ಹುಡುಗರಲ್ಲಿ ಹೆಚ್ಚಿನವರಿಗೆ ಬಲಗಡೆಯದು ಮಾತ್ರ ಬರುತ್ತದೆ.